ಮತ್ತ ನೀ ಯಾಕ ಮಾಡಿಸ್ತಿ?

ಮಾರ್ಚ್ ತಿಂಗಳ ಒಂದು ಭಾನುವಾರ ಹೊಲಿಗೆ ಡಬ್ಬಿಯೊಳಗಿನ ಸಣ್ಣ ಕತ್ತರಿ ಕಾಣಲಿಲ್ಲ. ಹುಡುಕುತ್ತಾ ಮಾಳಿಗೆ ಹತ್ತಿದೆ. ನೀರಿನ ಟಾಕಿಯ ಹಿಂದೆ ಮಗಳು ಕೂತಿದ್ದಳು. ತೊಡೆ ಮೇಲೆ ಹಳೆ ಪೇಪರ್ ಹಾಸಿಕೊಂಡು, ಎಡಗೈ ಬಿಸಿಲಿಗೆ ಚಾಚಿ, ಮುಂಗೈ ಮೇಲಿನ ಕೂದಲನ್ನು ಒಂದೊಂದಾಗಿ ಕತ್ತರಿಸುತ್ತಿದ್ದಳು. ಕತ್ತರಿಯ ತುದಿಯಿಂದ ಕೂದಲನ್ನು ಮೆಲ್ಲಗೆ ಎಬ್ಬಿಸುವುದು, ಬುಡಕ್ಕೆ ಕತ್ತರಿ ತಾಗಿಸುವುದು, ಕಚ್ ಅನ್ನಿಸುವುದು. ಆಮೇಲೆ ಉಫ್ ಅಂತ ಊದುವುದು. ಮಣಿಕಟ್ಟಿನಿಂದ ನಾಲ್ಕು ಬೆರಳಷ್ಟು ಮೇಲೆ ಬಂದಿದ್ದಳು. ಎರಡು ಕಡೆ ಚರ್ಮ ಕಿತ್ತು ಸಾಸಿವೆಯಷ್ಟು ರಕ್ತ ಬಂದಿತ್ತು. ಅವಳು ಬಲಗೈಯವಳು. ಬಲಗೈ ಮೇಲಿನ ಕೂದಲಿಗೆ ಏನು ಮಾಡಬೇಕು ಅಂದುಕೊಂಡಿದ್ದಳೋ, ಇವತ್ತಿಗೂ ನಾನು ಕೇಳಿಲ್ಲ.

"ಏನ್ ಮಾಡಾಕತ್ತಿ ಇಲ್ಲಿ?" ಅಂದೆ.

"ಏನಿಲ್ಲ ಮಮ್ಮಿ" ಅಂತ ಪೇಪರ್ ಮಡಚಿದಳು.

ಆಗ ಅವಳಿಗೆ ಹನ್ನೊಂದು ವರ್ಷ. ಆರನೇತ್ತಿ ಪರೀಕ್ಷೆ ನಡೆದಿತ್ತು. ಎರಡು ವಾರದಿಂದ ಶಾಲೆಗೆ ಸ್ವೆಟರ್ ಹಾಕಿಕೊಂಡು ಹೋಗುತ್ತಿದ್ದಳು. ಹುಬ್ಬಳ್ಳಿಯ ಮಾರ್ಚ್ ಬಿಸಿಲು ಗೊತ್ತಲ್ವಾ? ಹಟ ಇರಬೇಕು ಅಂದುಕೊಂಡು ಸುಮ್ಮನಿದ್ದೆ. ಖೋ ಖೋ ಪ್ರಾಕ್ಟೀಸಿಗೂ ಹೋಗಿರಲಿಲ್ಲ. ಅದಕ್ಕೆ ಪರೀಕ್ಷೆ ಕಾರಣ ಅಂದುಕೊಂಡಿದ್ದೆ. ಕಣ್ಣ ಮುಂದೆ ಇದ್ದದ್ದನ್ನು ನಾನು ಓದಿರಲಿಲ್ಲ.

ಈ ಬರಹದಲ್ಲಿ ಅವಳ ಹೆಸರು ಹಾಕುವುದಿಲ್ಲ. ಬರೆದದ್ದನ್ನು ಅವಳಿಗೆ ಓದಿ ಹೇಳಿದ್ದೇನೆ. ಒಂದು ಸಾಲು ತೆಗೆಸಿದ್ದಾಳೆ, ಉಳಿದದ್ದಕ್ಕೆ ಒಪ್ಪಿದ್ದಾಳೆ.

ಅವತ್ತು ರಾತ್ರಿ ಒಂದೊಂದೇ ಹೊರಬಂತು. ಖೋ ಖೋ ಆಡುವಾಗ ಸಾಲಿನಲ್ಲಿ ಕೂರಬೇಕಲ್ಲ, ಆಗ ಪಕ್ಕದಲ್ಲಿ ಕೂತ ಹುಡುಗಿ ಇವಳ ಮೊಣಕಾಲ ಕೆಳಗೆ ನೋಡಿ 'ಕರಡಿ' ಅಂದಳಂತೆ. ಉಳಿದವರು ನಕ್ಕರಂತೆ. ಮರುದಿನ ಹುಡುಗರಿಗೂ ಆ ಹೆಸರು ಗೊತ್ತಾಯಿತು. ಹನ್ನೊಂದರ ವಯಸ್ಸಿನಲ್ಲಿ ಒಂದು ಹೆಸರು ಅಂಟಿದರೆ ಎಷ್ಟು ಗಟ್ಟಿ ಅಂಟುತ್ತದೆ ಅಂತ ಎಲ್ಲರಿಗೂ ಗೊತ್ತು. ನಮ್ಮ ಓಣಿಯಲ್ಲಿ ಐವತ್ತು ದಾಟಿದವರನ್ನೂ ಇನ್ನೂ ಶಾಲೆಯ ಅಡ್ಡಹೆಸರಿನಿಂದಲೇ ಕರೆಯುವವರಿದ್ದಾರೆ.

"ಮಮ್ಮಿ, ನಂಗೂ ವ್ಯಾಕ್ಸಿಂಗ್ ಮಾಡಿಸು" ಅಂದಳು.

ನನ್ನ ಬಾಯಿಂದ ಮೊದಲು ಬಂದ ಮಾತು, "ಈಗ ಬ್ಯಾಡ. ಹತ್ತನೇತ್ತಿ ಮುಗೀಲಿ." ಎರಡನೇ ಮಾತು, "ನೀ ಹೆಂಗ ಇದ್ದೀಯೋ ಹಂಗ ಚಂದ ಇದ್ದಿ." ಎರಡನ್ನೂ ಮನಸಾರೆ ಹೇಳಿದ್ದೆ. ಅವಳು ನನ್ನ ಕೈ ನೋಡಿದಳು. ನಾಲ್ಕು ದಿನದ ಹಿಂದೆ ಪಾರ್ಲರಿಗೆ ಹೋಗಿ ಬಂದಿದ್ದ, ಗಾಜಿನಂತೆ ನುಣ್ಣಗಿದ್ದ ಕೈ.

"ಮತ್ತ ನೀ ಯಾಕ ಮಾಡಿಸ್ತಿ?"

ನನ್ನ ಹತ್ತಿರ ಉತ್ತರ ಇರಲಿಲ್ಲ. "ಮಲಗು, ನಾಳೆ ಪೇಪರ್ ಐತಿ" ಅಂದು ದೀಪ ಆರಿಸಿದೆ.

ನಾನು ಬೆಳೆದದ್ದು ನವಲಗುಂದದಲ್ಲಿ. ನನ್ನ ಕೈಕಾಲೂ ಹೀಗೇ ಇದ್ದವು. ನಮ್ಮ ತಂದೆಯ ಕಡೆಯವರಿಗೆಲ್ಲ ಕೂದಲು ದಟ್ಟ. ಭಾನುವಾರ ಎರೆದುಕೊಳ್ಳುವಾಗ ಅವ್ವ ಕಡಲೆಹಿಟ್ಟು, ಅರಿಶಿನ, ಹಾಲಿನ ಕೆನೆ ಕಲಸಿ ಕೈಗೆ ಹಚ್ಚುತ್ತಿದ್ದಳು. ಅರ್ಧ ಒಣಗಿದ ಮೇಲೆ ಕೂದಲಿನ ಎದುರು ದಿಕ್ಕಿಗೆ ಗಸಗಸ ತಿಕ್ಕುತ್ತಿದ್ದಳು. ತಿಕ್ಕುತ್ತಾ ತಿಕ್ಕುತ್ತಾ ಉದುರಿಹೋಗುತ್ತವೆ ಅಂತ ಅವಳ ನಂಬಿಕೆ. ಒಂದಿಷ್ಟು ಕೂದಲು ಹಿಟ್ಟಿನ ಜೊತೆ ಕಿತ್ತು ಬರುತ್ತಿದ್ದವು, ಚರ್ಮ ಕೆಂಪಾಗುತ್ತಿತ್ತು, ಮುಂದಿನ ಭಾನುವಾರಕ್ಕೆ ಎಲ್ಲ ಮೊದಲಿನಂತೆ. ಪಾಪ, ಅವ್ವ ಪ್ರೀತಿಯಿಂದಲೇ ಮಾಡುತ್ತಿದ್ದಳು. ಆದರೆ ಪ್ರತಿ ವಾರ ತಿಕ್ಕಿ ತೆಗೆಯಬೇಕಾದ ಏನೋ ಒಂದು ನನ್ನ ಮೈಮೇಲಿದೆ ಅನ್ನುವುದು ನನಗೆ ಆ ಕೈಯಿಂದಲೇ ತಿಳಿಯಿತು.

ಅಂಗಡಿಗಳಲ್ಲಿ ಕೂದಲು ತೆಗೆಯುವ ಆನ್ ಫ್ರೆಂಚ್ ಕ್ರೀಮಿನ ಟ್ಯೂಬ್ ಸಿಗುತ್ತಿತ್ತು, ಕೇಳುವ ಧೈರ್ಯ ಇರಲಿಲ್ಲ. ಧಾರವಾಡದಲ್ಲಿ ಕಾಲೇಜು ಓದುವಷ್ಟೂ ವರ್ಷ ಪೂರ್ತಿ ತೋಳಿನ ಚೂಡಿದಾರ್ ಹಾಕಿದೆ. ಮೊದಲ ಸಲ ವ್ಯಾಕ್ಸಿಂಗ್ ಆದದ್ದು ಇಪ್ಪತ್ಮೂರರಲ್ಲಿ, ಕನ್ಯಾ ನೋಡಲು ಬರುವವರಿದ್ದ ವಾರ. ಅಣ್ಣನ ಹೆಂಡತಿ, ನಮ್ಮ ವೈನಿ, ಹುಬ್ಬಳ್ಳಿಯ ಒಂದು ಪಾರ್ಲರಿಗೆ ಕರೆದುಕೊಂಡು ಹೋದರು. ಅಲ್ಲಿದ್ದ ಹೆಂಗಸು ನನ್ನ ತೋಳು ಮೇಲೆತ್ತಿ, ನಾಲ್ಕು ಜನರ ಎದುರಿಗೆ, "ಇಷ್ಟ ದಿನಾ ಹೆಂಗ ಬಿಟ್ಟೀರಿ ಇದನ್ನ?" ಅಂದಳು. ನಾನು "ಸಾರಿ" ಅಂದೆ. ನನ್ನ ಮೈಮೇಲೆ ಹುಟ್ಟಿದ ಕೂದಲಿಗೆ, ಗುರುತಿಲ್ಲದ ಒಬ್ಬಳ ಹತ್ತಿರ ಕ್ಷಮೆ ಕೇಳಿದೆ. ಮುಂದೆ ಹದಿನೆಂಟು ವರ್ಷ ತಿಂಗಳು ತಪ್ಪದೆ ಹೋಗಿದ್ದೇನೆ. ಮಗಳು ನಾಲ್ಕು ವರ್ಷದವಳಿದ್ದಾಗಿನಿಂದ ಪಕ್ಕದ ಸ್ಟೂಲ್ ಮೇಲೆ ಕೂತು, ಬಿಸ್ಕಿಟ್ ತಿನ್ನುತ್ತಾ, ಬಟ್ಟೆಯ ಪಟ್ಟಿ ಪರ್ ಅಂತ ಕೀಳುವುದನ್ನು ನೋಡಿದ್ದಾಳೆ. ಅಂಥವಳಿಗೆ 'ಹೆಂಗಿದ್ದೀಯೋ ಹಂಗ ಚಂದ' ಅಂದರೆ ನಂಬುವುದಾದರೂ ಹೇಗೆ?

ಆ ವಾರವಿಡೀ ಎಲ್ಲರನ್ನೂ ಒಂದೇ ಪ್ರಶ್ನೆ ಕೇಳಿದೆ. ಎಷ್ಟನೇ ವಯಸ್ಸಿಗೆ? ಒಬ್ಬರು ಹದಿಮೂರು ಅಂದರು. ಒಬ್ಬರು ದೊಡ್ಡವಳಾದ ಮೇಲೆ ಅಂದರು. ನನ್ನ ನೆಗೆಣ್ಣಿ, "ಈಗಿಂದನ ಚಟ ಹಚ್ಚಬ್ಯಾಡ್ರಿ ಅಕ್ಕಾ" ಅಂದಳು. ಆಫೀಸಿನ ಗೆಳತಿ ತನ್ನ ಮಗಳಿಗೆ ಒಂಬತ್ತಕ್ಕೇ ಮಾಡಿಸಿದ್ದಳು. ನನಗೆ ಒಂದು ಸಂಖ್ಯೆ ಬೇಕಿತ್ತು. ಸಂಖ್ಯೆ ಸಿಕ್ಕರೆ ಅದರ ಹಿಂದೆ ಅಡಗಿಕೊಳ್ಳಬಹುದಿತ್ತು.

ಮೈ ಸಂಖ್ಯೆ ನೋಡಿ ಬೆಳೆಯುವುದಿಲ್ಲ. ಹೆಣ್ಣುಮಕ್ಕಳಲ್ಲಿ ಬದಲಾವಣೆ ಎಂಟರಿಂದ ಹದಿಮೂರರ ನಡುವೆ ಯಾವಾಗ ಬೇಕಾದರೂ ಶುರುವಾಗಬಹುದು. ಅಂದರೆ ಒಂದೇ ಬೆಂಚಿನಲ್ಲಿ ಕೂತ ಇಬ್ಬರ ನಡುವೆ ನಾಲ್ಕೈದು ವರ್ಷದ ಅಂತರ ಇರಬಹುದು. ಒಬ್ಬಳ ಕಾಲು ಇನ್ನೂ ಕೂಸಿನ ಕಾಲು, ಇನ್ನೊಬ್ಬಳದು ಹೆಂಗಸಿನ ಕಾಲು. ಎರಡೂ ಸರಿಯೇ. ಮೂತ್ರಪಿಂಡದ ಮೇಲೆ ಟೋಪಿಯ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಮುಟ್ಟು ಬರುವ ಎಷ್ಟೋ ಮೊದಲೇ ಕೆಲಸ ಶುರುಮಾಡುತ್ತವೆ. ಬೆವರಿನ ವಾಸನೆ ಬದಲಾಗುವುದು, ಮುಖ ಎಣ್ಣೆ ಎಣ್ಣೆ ಆಗುವುದು, ಕಂಕುಳಲ್ಲಿ ಕೂದಲು ಬರುವುದು ಇದರಿಂದಲೇ. ಮುಟ್ಟಿಗೂ ಇದಕ್ಕೂ ಒಂದೇ ಗಡಿಯಾರ ಇಲ್ಲ. ಆದ್ದರಿಂದ 'ದೊಡ್ಡವಳಾದ ಮೇಲೆ' ಅನ್ನುವ ಲೆಕ್ಕವೂ ಕೆಲಸಕ್ಕೆ ಬಾರದು.

ಆದರೂ ಒಂದು ಸಲ ಡಾಕ್ಟರಿಗೆ ತೋರಿಸಿದೆ. ಅವರು ಅವಳನ್ನೇ ಕೂರಿಸಿಕೊಂಡು ಅವಳ ಹತ್ತಿರವೇ ಮಾತಾಡಿದರು, ಅದು ನನಗೆ ಬಹಳ ಹಿಡಿಸಿತು. ಕೂದಲು ಎಂಟು ತುಂಬುವ ಮೊದಲೇ ಬಂತಾ, ಗದ್ದ, ಎದೆ, ಹೊಟ್ಟೆಯ ಮೇಲೆ ಒರಟು ಕೂದಲು ಇದೆಯಾ, ಕೆಲವೇ ತಿಂಗಳಲ್ಲಿ ದಿಢೀರ್ ಅಂತ ಹೆಚ್ಚಾಯಿತಾ ಅಂತ ಕೇಳಿದರು. ಹಾಗಿದ್ದರೆ ಹಾರ್ಮೋನು ಪರೀಕ್ಷೆ ಮಾಡಿಸಬೇಕಾಗುತ್ತದೆ. ಮುಂದೆ ಮುಟ್ಟು ಶುರುವಾಗಿ ವರ್ಷಗಳಾದರೂ ಸರಿಯಾಗಿ ಬರದೆ, ಜೊತೆಗೆ ಮುಖದ ಮೇಲೆ ಕೂದಲು ಜಾಸ್ತಿಯಾದರೆ ಪಿಸಿಓಎಸ್ ಅನ್ನುವ ಹಾರ್ಮೋನಿನ ತೊಂದರೆ ಇದೆಯಾ ಅಂತ ನೋಡಬೇಕಾಗುತ್ತದೆ. ಇವಳಿಗೆ ಅದ್ಯಾವುದೂ ಇಲ್ಲ. "ಇದು ನಿಮ್ಮ ಮನೆತನದ ಕೂದಲ, ಅಷ್ಟ" ಅಂದರು. ಮಗಳು ನನ್ನ ಕಡೆ ತಿರುಗಿ ನೋಡಿದಳು. ಲೇಸರ್ ವಿಷಯ ನಾನೇ ಎತ್ತಿದೆ. ಈ ವಯಸ್ಸಿಗೆ ಬೇಡವೇ ಬೇಡ, ಹಾರ್ಮೋನು ಇನ್ನೂ ಏರಿಳಿಯುತ್ತಿರುವಾಗ ಹೊಸ ಕೂದಲು ಹುಟ್ಟುತ್ತಲೇ ಇರುತ್ತವೆ ಅಂದರು.

ಶಾಲೆಗೂ ಹೋದೆ. "ಸಣ್ಣ ಹುಡುಗರು, ಬಿಡ್ರಿ" ಅನ್ನುವ ಮಾತು ಬಂತು. ಬಿಡಲಿಲ್ಲ. ಹೆಸರಿಟ್ಟ ಹುಡುಗಿಗೆ ಶಿಕ್ಷೆ ಬೇಡ, ಆ ಹೆಸರು ತರಗತಿಯಲ್ಲಿ ನಿಲ್ಲಬೇಕು ಅಂದೆ. ನಿಂತಿತು ಅಂತ ಕಾಣುತ್ತದೆ. ಪೂರ್ತಿ ನಿಂತಿಲ್ಲ ಅಂತಲೂ ಕಾಣುತ್ತದೆ.

ಇಲ್ಲಿ ನಾನು ಬಹಳ ದಿನ ಸಿಕ್ಕಿಬಿದ್ದಿದ್ದೆ. ಅಣಕಿಸಿದರು ಅಂತ ಕೂದಲು ತೆಗೆಸಿದರೆ ಅಣಕಿಸಿದವರೇ ಗೆದ್ದಂತಾಗುವುದಿಲ್ವಾ? 2024ರಲ್ಲಿ ಉತ್ತರ ಪ್ರದೇಶದ ಹತ್ತನೇ ತರಗತಿ ಬೋರ್ಡ್ ಪರೀಕ್ಷೆಯಲ್ಲಿ ಇಡೀ ರಾಜ್ಯಕ್ಕೆ ಮೊದಲು ಬಂದ ಹುಡುಗಿಯ ಫೋಟೋ ಹಾಕಿ, ಮುಖದ ಮೇಲಿನ ಕೂದಲು ತೋರಿಸಿ, ಸಾವಿರಾರು ಜನ ನಕ್ಕರು. ಆ ಸುದ್ದಿಯನ್ನು ಮಗಳಿಗೆ ಹೇಳಿದೆ. "ಅಕಿಗೆ ಎಷ್ಟ ಬಿದ್ದಿದ್ವು?" ಅಂದಳು. 600ಕ್ಕೆ 591 ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದಳು. "ಅಷ್ಟ ಬಿದ್ರೂ ಬಿಡಲಿಲ್ಲಲ್ಲ ಮಮ್ಮಿ" ಅಂದಳು.

ಧೈರ್ಯ ಬರಲಿ ಅಂತ ಹೇಳಿದ ಸುದ್ದಿ ಅದು. ಅವಳಿಗೆ ಹೆದರಿಕೆಯೇ ಜಾಸ್ತಿ ಆಯಿತು. ಅವತ್ತು ನನಗೆ ಒಂದು ಸ್ಪಷ್ಟವಾಯಿತು. ಹೆಣ್ಣಿನ ಮೈ ಬಗ್ಗೆ ನನಗೆ ಏನೇ ಸಿಟ್ಟಿರಲಿ, ಏನೇ ವಾದ ಇರಲಿ, ಅದನ್ನು ಹನ್ನೊಂದು ವರ್ಷದವಳ ಕಾಲ ಮೇಲೆ ಹೊರಿಸಲಾರೆ. ಹೋರಾಡುವುದಿದ್ದರೆ ನಾನು ಹೋರಾಡಬೇಕು, ನನ್ನ ಕೈ ಇಟ್ಟುಕೊಂಡು. ನಾನಂತೂ ಹದಿನೆಂಟು ವರ್ಷದಿಂದ ಪಟ್ಟಿ ಕೀಳಿಸಿಕೊಳ್ಳುತ್ತಾ ಬಂದವಳು.

ಉಣಕಲ್ ಕೆರೆ ದಂಡೆಯಲ್ಲಿ ಒಂದು ಸಂಜೆ ಅವಳ ಪ್ರಶ್ನೆಗೆ ಉತ್ತರ ಕೊಟ್ಟೆ. ಗಿರ್ಮಿಟ್ ತಿನ್ನುತ್ತಾ ಕೂತಿದ್ದೆವು. "ಮೊದಲ ಮಂದಿಗೆ ಹೆದರಿ ಮಾಡಿಸಿದ್ನಿ. ಆಮ್ಯಾಲ ರೂಢಿ ಆತು. ಈಗ ಕೈ ನುಣ್ಣಗಿದ್ರ ನಂಗ ಖುಷಿನೂ ಆಗತೈತಿ. ಈ ಮೂರರಾಗ ಯಾವುದು ಎಷ್ಟ್ ಅಂತ ನಂಗೂ ಗೊತ್ತಿಲ್ಲ" ಅಂದೆ. ಅವಳು ಈರುಳ್ಳಿ ಆರಿಸಿ ನನ್ನ ಪೊಟ್ಟಣಕ್ಕೆ ಹಾಕುತ್ತಾ ಕೇಳಿಸಿಕೊಂಡಳು. ಹೆಂಗಸರಿಗೆಂದೇ ಮೊದಲ ರೇಜರ್ ಅನ್ನು ಜಿಲೆಟ್ ಕಂಪನಿ ಮಾರುಕಟ್ಟೆಗೆ ತಂದದ್ದು 1915ರಲ್ಲಿ, ಅಮೆರಿಕದಲ್ಲಿ ತೋಳಿಲ್ಲದ ಉಡುಪು ಬರುತ್ತಿದ್ದ ಕಾಲ ಅದು ಅಂತಲೂ ಹೇಳಿದೆ. ತಲೆಯ ಕೂದಲಿಗೆ ಎಣ್ಣೆ ಹಚ್ಚಿ, ಸೀಗೆಕಾಯಿ ಹಾಕಿ, ಉದುರಿದರೆ ಅಳುತ್ತೇವೆ. ಅದೇ ಕೂದಲು ಕೈ ಮೇಲೆ ಬಂದರೆ ಅಸಹ್ಯ ಅನ್ನುತ್ತೇವೆ. ಇದನ್ನು ಯಾರೋ ಯಾವತ್ತೋ ನಮಗೆ ಕಲಿಸಿದ್ದು ಅಂತ ಅವಳಿಗೆ ಗೊತ್ತಿರಲಿ ಅಂತ ಹೇಳಿದೆ. ಕೇಳಿಸಿಕೊಂಡು, "ಆದ್ರೂ ನಂಗ ಕಾಲಿಂದು ತಗೀಬೇಕು. ಕೈ ಬ್ಯಾಡ, ಕೈ ನಡೀತೈತಿ" ಅಂದಳು.

ಕೈ ನಡೀತೈತಿ! ಎರಡು ತಿಂಗಳ ಹಿಂದೆ ಕತ್ತರಿ ಹಿಡಿದಿದ್ದು ಅದೇ ಕೈ ಮೇಲೆ. ಅಣಕಿಸಿದ್ದು ಕಾಲನ್ನು, ಕೈಗೆ ಕತ್ತರಿ ಸುಲಭ ಅಂತ ಅಲ್ಲಿಂದ ಶುರುಮಾಡಿದ್ದಳು, ಅಷ್ಟೇ. ಅಂದರೆ ಅವಳಿಗೆ ಬೇಕಾದದ್ದು ಇಡೀ ಮೈ ನುಣ್ಣಗಾಗುವುದಲ್ಲ. ಖೋ ಖೋ ಸಾಲಿನಲ್ಲಿ ಚಡ್ಡಿ ಹಾಕಿಕೊಂಡು ಕೂರಬೇಕಿತ್ತು. ಹತ್ತನೇತ್ತಿ ತನಕ ತಡೆದಿದ್ದರೆ ಆಟವೇ ಬಿಟ್ಟುಹೋಗುತ್ತಿತ್ತು. ಕೂದಲು ತೆಗೆಯಲು ಹನ್ನೊಂದು ಸಣ್ಣ ವಯಸ್ಸು ಅಂತ ಇವತ್ತಿಗೂ ನನ್ನ ಮನಸ್ಸು ಹೇಳುತ್ತದೆ. ಆಟ ಬಿಡಲು ಹನ್ನೊಂದು ಇನ್ನೂ ಸಣ್ಣ ವಯಸ್ಸು.

ಒಪ್ಪಿದೆ.

ವ್ಯಾಕ್ಸಿಂಗ್ ಬೇಡ ಅಂದೆ, ಬಿಸಿ ಮೇಣ ಆ ಎಳೆ ಚರ್ಮಕ್ಕೆ ಹಾಕಿಸಲು ನನಗೆ ಮನಸ್ಸಿಲ್ಲ. ಅದಕ್ಕಿಂತ ಹೆಚ್ಚಾಗಿ, ಆ ಕುರ್ಚಿಯ ಮೇಲೆ ಕೂತು ಇನ್ನೊಬ್ಬರಿಂದ 'ಇಷ್ಟ ದಿನಾ ಹೆಂಗ ಬಿಟ್ಟೀರಿ' ಅನ್ನಿಸಿಕೊಳ್ಳುವುದು ಅವಳಿಗೆ ಬೇಡ. ಕ್ರೀಮು ಅಂದರೆ ಕೂದಲಿನ ಕೆರಾಟಿನ್ ಅನ್ನುವ ಪ್ರೋಟೀನನ್ನೇ ಕರಗಿಸುವ ರಾಸಾಯನಿಕ. ಹೊತ್ತು ಮೀರಿದರೆ ಚರ್ಮವೂ ಉರಿಯುತ್ತದೆ. ಹಚ್ಚುವುದಾದರೆ ಒಂದು ದಿನ ಮೊದಲು ಸ್ವಲ್ಪ ಜಾಗಕ್ಕೆ ಹಚ್ಚಿ ನೋಡಲೇಬೇಕು. ಆ ವಾಸನೆ ಅವಳಿಗೆ ಮೊದಲೇ ಆಗದು. ಉಳಿದದ್ದು ರೇಜರ್. ಅಪ್ಪನ ರೇಜರ್ ಮುಟ್ಟುವಂತಿಲ್ಲ, ನನ್ನದೂ ಮುಟ್ಟುವಂತಿಲ್ಲ. ಬ್ಲೇಡಿಗೆ ಕಣ್ಣಿಗೆ ಕಾಣದಷ್ಟು ರಕ್ತ ಅಂಟಿದರೂ ಹೆಪಟೈಟಿಸ್ ಬಿ ಯಂಥ ರೋಗ ದಾಟಬಹುದು. ಅವಳಿಗೇ ಅಂತ ಹೊಸದು ತಂದದ್ದು ಅವರಪ್ಪ. ಇಷ್ಟು ದಿನ ಈ ಮಾತು ಬಂದಾಗೆಲ್ಲ ಟಿವಿ ನೋಡುವವರಂತೆ ಕೂತಿದ್ದವರು, ಒಂದು ಸಂಜೆ ಮೆಡಿಕಲ್ ಶಾಪಿನ ಕವರ್ ತಂದು ಅವಳ ಕೈಗೆ ಕೊಟ್ಟರು. "ನಂದು ಮೊದಲನೇ ಸಲ ಗಲ್ಲ ಕೊಯ್ಕೊಂಡಿದ್ನಿ. ಒತ್ತಬ್ಯಾಡ, ಹಗೂರ ಎಳಿ" ಅಂದರು. ಅವಳು ತಲೆಯಾಡಿಸಿದಳು.

ನಮ್ಮ ಅತ್ತೆ, ಮಗಳ ಆಯಿ, ಬಹಳ ಬೇಸರ ಮಾಡಿಕೊಂಡರು. ಅವರಿಗೆ ನೋವಾದದ್ದು 'ಬೋಳಿಸುವುದು' ಅನ್ನುವ ಮಾತಿಗೆ. ಹೆಣ್ಣಿನ ಬಾಬತ್ತಿನಲ್ಲಿ ಆ ಮಾತಿಗೆ ನಮ್ಮಲ್ಲಿ ಎಂಥ ಭಾರ ಇದೆ ಗೊತ್ತಲ್ಲ. ಅದು ಬೈಗುಳದಲ್ಲಿದೆ, ಗಂಡ ಸತ್ತವರ ತಲೆ ತೆಗೆಸುತ್ತಿದ್ದ ಕಾಲದ ನೆನಪಿನಲ್ಲಿದೆ. "ಜವಳ ತಗಸಿದ ಮ್ಯಾಲ ಹೆಣ್ಣಮಕ್ಕಳ ಮೈಗೆ ಕತ್ತಿ ತಾಗಬಾರದವಾ" ಅಂದರು. ಆಮೇಲೆ ಇನ್ನೊಂದು ಮಾತು ಹೇಳಿದರು. ಜವಳ ತೆಗೆಸಿದರೆ ಕೂದಲು ದಟ್ಟ ಬರುತ್ತವೆ, ಹಾಗೇ ಕಾಲಿನವೂ ದಪ್ಪ ಬರುತ್ತವೆ ಅಂತ. ನಾನು ವಾದ ಮಾಡಲಿಲ್ಲ.

ಬೇಸಿಗೆ ಸೂಟಿಯ ಕೊನೆಯ ಶನಿವಾರ. ಬಚ್ಚಲಲ್ಲಿ ಮಣೆ ಹಾಕಿ ಕೂರಿಸಿದೆ. ಉಗುರು ಬೆಚ್ಚಗಿನ ನೀರು ಎರಡು ತಂಬಿಗೆ ಹಾಕಿ, ಕೂದಲು ಮೆತ್ತಗಾಗುವ ತನಕ ಕಾದು, ಸಾಬೂನು ನೊರೆ ಮಾಡಿ ಹಚ್ಚಿದೆವು. ಒಣ ಕಾಲಿಗೆ ರೇಜರ್ ಹಚ್ಚಬಾರದು, ಕೂದಲು ಬಾಗಿದ ದಿಕ್ಕಿಗೇ ಎಳೆಯಬೇಕು, ಎರಡು ಎಳೆತಕ್ಕೊಮ್ಮೆ ತಂಬಿಗೆಯಲ್ಲಿ ಅದ್ದಬೇಕು. ಮೊದಲ ಎಳೆತ ನಾನು ತೋರಿಸಿದೆ. ನೊರೆಯ ನಡುವೆ ಒಂದು ದಾರಿ ತೆರೆಯಿತು. ಆಮೇಲೆ ರೇಜರ್ ಅವಳ ಕೈಗೆ ಕೊಟ್ಟೆ. ನಾಲಿಗೆ ತುದಿ ಹೊರಗೆ ಹಾಕಿ, ಚಿತ್ರಕ್ಕೆ ಬಣ್ಣ ತುಂಬುವಾಗ ಮಾಡುತ್ತಾಳಲ್ಲ ಹಾಗೆ, ಮೆಲ್ಲಗೆ ಎಳೆದಳು. ಮೊಣಕಾಲ ಚಿಪ್ಪಿನ ಹತ್ತಿರ ಕಾಲು ಮಡಚು ಅಂದೆ, ನೇರ ಚಾಚಿದ್ದರೆ ಅಲ್ಲಿ ಚರ್ಮ ಸುಕ್ಕಾಗಿ ಕೊಯ್ಯುತ್ತದೆ. ಒಂದು ಕಡೆ ಚುರ್ ಅಂತು, ಅಷ್ಟೇ. ತೊಳೆದು, ಒತ್ತಿ ಒರೆಸಿ, ಕೊಬ್ಬರಿ ಎಣ್ಣೆ ಹಚ್ಚಿದಳು. ಅಂಗೈ ಮೇಲಿಂದ ಕೆಳಗೆ ಆಡಿಸಿದಳು, ಕೆಳಗಿಂದ ಮೇಲೆ ಆಡಿಸಿದಳು.

"ಮಮ್ಮಿ, ಬ್ಯಾರೇದವರ ಕಾಲ್ ಅನಸಾಕತ್ತೈತಿ."

ಮೂರು ದಿನಕ್ಕೆ ಓಡಿ ಬಂದಳು. "ಆಯಿ ಹೇಳಿದ್ದು ಖರೇ ಐತಿ! ದಪ್ಪ ಬಂದಾವ, ಚುಚ್ಚಾಕತ್ತಾವ." ಆಯಿ ಕಟ್ಟೆ ಮೇಲೆ ಅಕ್ಕಿ ಹಸನು ಮಾಡುತ್ತಿದ್ದರು. "ತೋರ್ಸು ಇಲ್ಲಿ" ಅಂದು ಮೊರ ಪಕ್ಕಕ್ಕಿಟ್ಟು, ಮೊಮ್ಮಗಳ ಕಾಲ ಮೇಲೆ ಬೆರಳು ಆಡಿಸಿದರು. ಅವರ ಮುಖದಲ್ಲಿ ಏನೋ ಗುರುತು ಹಿಡಿದಂತಾಯಿತು.

"ಇದು ಕೂಳಿ ಆತಲ್ಲವಾ" ಅಂದರು.

ಜೋಳ ಕೊಯ್ದ ಹೊಲದಲ್ಲಿ ಬರಿಗಾಲಲ್ಲಿ ನಡೆದವರಿಗೆ ಕೂಳೆ ಗೊತ್ತು. ನಿಂತ ಜೋಳದ ತುದಿ ಮೆತ್ತಗೆ ಬಳುಕುತ್ತದೆ. ಕುಡುಗೋಲು ಬುಡದಲ್ಲಿ ಅಡ್ಡ ಕೊಯ್ದ ಮೇಲೆ ಉಳಿಯುವ ಮೋಟು ಕಾಲಿಗೆ ಚುಚ್ಚುತ್ತದೆ. ದಂಟು ದಪ್ಪ ಆಗಿರುವುದಿಲ್ಲ, ಬುಡ ಇದ್ದಷ್ಟೇ ಇರುತ್ತದೆ. ಕೂದಲೂ ಹಾಗೇ. ತುದಿಗೆ ಸಣ್ಣಗಾಗುವ ಕೂದಲನ್ನು ಬುಡದಲ್ಲಿ ಕತ್ತರಿಸಿದ್ದರಿಂದ ಮೊಂಡು ತುದಿ ಕೈಗೆ ಸಿಗುತ್ತದೆ. ಕೂದಲು ದಪ್ಪ ಇರಬೇಕೋ ಸಣ್ಣ ಇರಬೇಕೋ ಅಂತ ನಿರ್ಧಾರ ಆಗುವುದು ಚರ್ಮದ ಒಳಗಿನ ಬೇರಿನಲ್ಲಿ, ರೇಜರ್ ಅಲ್ಲಿಗೆ ಹೋಗುವುದೇ ಇಲ್ಲ. 1928ರಷ್ಟು ಹಿಂದೆಯೇ ಅಮೆರಿಕದ ಮಿಲ್ಡ್ರೆಡ್ ಟ್ರಾಟರ್ ಅನ್ನುವ ವಿಜ್ಞಾನಿ ಗಂಡಸರ ಗಡ್ಡ ತೆಗೆಸಿ, ಕೂದಲು ಅಳೆದು, ಬೋಳಿಸುವುದರಿಂದ ದಪ್ಪ ಆಗುವುದಿಲ್ಲ ಅಂತ ತೋರಿಸಿದ್ದರು. ಜವಳದ ಕಥೆಯೂ ಅದೇ. ಕೂಸಿನ ನವಿರು ಕೂದಲು ಹೋಗಿ ಗಟ್ಟಿ ಕೂದಲು ಬರುವ ವಯಸ್ಸಿಗೇ ನಾವು ಜವಳ ತೆಗೆಸುತ್ತೇವೆ. ಹೆಸರು ಕ್ಷೌರಕ್ಕೆ ಬರುತ್ತದೆ.

ಇದನ್ನೆಲ್ಲ ನಾನು ಹೇಳಬೇಕಾಗಲಿಲ್ಲ. ಆಯಿಯೇ ತಮ್ಮ ತವರಿನ ಎರೆಹೊಲದ ಕೂಳೆ, ಅದು ಹಿಮ್ಮಡಿಗೆ ಚುಚ್ಚಿ ಕೀವು ತುಂಬಿದ್ದು, ಅವರ ಅವ್ವ ಸೂಜಿಯಿಂದ ಬಿಡಿಸಿದ್ದು ಎಲ್ಲ ಮೊಮ್ಮಗಳಿಗೆ ಹೇಳುತ್ತಾ ಕೂತರು. ಅವಳು ಕಾಲು ಚಾಚಿಕೊಂಡೇ ಕೇಳುತ್ತಿದ್ದಳು. ಬೇಸರ ಎಲ್ಲಿ ಹೋಯಿತೋ ನನಗೆ ತಿಳಿಯಲಿಲ್ಲ.

ಜೂನ್‌ನಲ್ಲಿ ಅವಳು ಖೋ ಖೋ ತಂಡಕ್ಕೆ ವಾಪಸ್ ಹೋದಳು. ಮಳೆ ಶುರುವಾದ ಮೇಲೆ ಮೈದಾನವೆಲ್ಲ ಕೆಸರು. ಮನೆಗೆ ಬರುವಾಗ ಮೊಣಕಾಲಿಂದ ಕೆಳಗೆ ಕರಿ ಮಣ್ಣು ಮೆತ್ತಿರುತ್ತದೆ. ರೇಜರ್ ಮುಚ್ಚಳ ಹಾಕಿಕೊಂಡು ಬಚ್ಚಲ ಮಾಡದಲ್ಲಿದೆ. ಕೆಲವು ವಾರ ಮುಟ್ಟುತ್ತಾಳೆ, ಕೆಲವು ವಾರ ಮರೆಯುತ್ತಾಳೆ. ಮರೆತ ವಾರ ನಾನು ನೆನಪಿಸುವುದಿಲ್ಲ. ಇದೊಂದು ನಿಯಮ ನನಗೆ ನಾನೇ ಹಾಕಿಕೊಂಡದ್ದು. ನೆಂಟರ ಮದುವೆಗೆ ಹೊರಟಾಗ ಅವಳ ಕಾಲಿನ ಕಡೆ ಕಣ್ಣು ಹೋಗುತ್ತದೆ, ಬಾಯಿ ತನಕ ಮಾತು ಬರುತ್ತದೆ, ನುಂಗುತ್ತೇನೆ. ಕಡಲೆಹಿಟ್ಟು ಹಿಡಿದ ಅವ್ವನ ಕೈ ನೆನಪಾಗುತ್ತದೆ.

ಈಗ ಹೊಸ ಪ್ರಶ್ನೆ ಬಂದಿದೆ. ಕಳೆದ ವಾರ ಕನ್ನಡಿ ಮುಂದೆ ನಿಂತು, ತುಟಿಯ ಮೇಲೆ ಬೆರಳಿಟ್ಟು, "ಇದು?" ಅಂದಳು. ಅಲ್ಲಿ ಇರುವುದು ನವಿರು ನೆರಳು, ಬೆಳಕಿಗೆ ತಿರುಗಿದರೆ ಮಾತ್ರ ಕಾಣುತ್ತದೆ. ಯಾರಾದರೂ ಏನಾದರೂ ಅಂದರಾ ಅಂತ ಕೇಳಿದೆ. ಇಲ್ಲ ಅಂದಳು. ನಿಜವೇ ಹೇಳಿದಳು ಅಂತ ಅನಿಸಿತು, ಆದರೂ ಖಾತ್ರಿ ಇಲ್ಲ. ಮುಖದ ಮೇಲೆ ದಾರ ಆಡಿಸಲು ನನಗೆ ಇನ್ನೂ ಮನಸ್ಸು ಒಪ್ಪುತ್ತಿಲ್ಲ. ಕಾಲಿಗೆ ಒಪ್ಪಿ ಮುಖಕ್ಕೆ ಯಾಕೆ ಒಪ್ಪುತ್ತಿಲ್ಲ ಅಂತ ಕೇಳಿದರೆ ಸರಿಯಾದ ಕಾರಣ ಕೊಡಲೂ ಆಗುತ್ತಿಲ್ಲ.

"ದಸರಾ ಸೂಟ್ಯಾಗ ಮಾತಾಡೂಣು" ಅಂದೆ. ಕ್ಯಾಲೆಂಡರ್ ಹತ್ತಿರ ಹೋಗಿ ಸೂಟಿಯ ಮೊದಲ ದಿನಕ್ಕೆ ಪೆನ್ಸಿಲಿನಿಂದ ಒಂದು ಸಣ್ಣ ಸುತ್ತು ಹಾಕಿ ಬಂದಳು. ಅದಕ್ಕೆ ಇನ್ನು ಇಪ್ಪತ್ತಾರು ದಿನ ಇದೆ.